ಹತ್ತು ಮಾರು ದೂರದ ಬಿಲ್ಲುಗಾರ

ಬಿಲ್ಲುಗಾರ ಎಂದೊಡನೆ ನಮ್ಮ ಕಣ್ಣಮುಂದೆ ಬರುವವರು ಪುರಾಣದ ವೀರರು. ಮೇಲೆ ತಿರುಗುವ ಮೀನಿನ ನೆರಳನ್ನು ಕೆಳಗಿನ ನೀರಿನಲ್ಲಿ ನೋಡಿ ಹೊಡೆದ ಅರ್ಜುನ, ಕಣ್ಣಿಗೆ ಕಾಣದ ಗುರಿಗೆ ಶಬ್ದದ ಜಾಡಿನಲ್ಲೇ ಬಾಣ ಬಿಟ್ಟು ಶ್ರವಣಕುಮಾರನನ್ನು ಕೊಂದ ದಶರಥ. ಗುರಿ ಎಷ್ಟು ದೂರವೋ, ಎಷ್ಟು ಕಷ್ಟವೋ, ವೀರ ಅಷ್ಟು ದೊಡ್ಡವನು. ಆದರೆ ಹೊಟ್ಟೆಪಾಡಿಗಾಗಿ ಜಿಂಕೆ ಬೇಟೆಯಾಡುವವನ ಲೆಕ್ಕವೇ ಬೇರೆ. ಬಾಣ ಎಷ್ಟು ದೂರ ಹೋಗುತ್ತದೆ ಎಂಬ ಚಿಂತೆ ಅವನಿಗೆ ಕಡಿಮೆ. ತಾನು ಜಿಂಕೆಗೆ ಎಷ್ಟು ಹತ್ತಿರ ಹೋಗಬಲ್ಲೆ ಎಂಬುದರ ಮೇಲೆ ಅವನ ಮನೆಯ ಅಂದಿನ ಊಟ ನಿಂತಿರುತ್ತದೆ.

ಈ ಲೆಕ್ಕವನ್ನು ಇಪ್ಪತ್ತನೆಯ ಶತಮಾನದ ಅಮೆರಿಕಕ್ಕೆ ಕಲಿಸಿದವನು ಕ್ಯಾಲಿಫೋರ್ನಿಯದ ಒಬ್ಬ ಮೂಲನಿವಾಸಿ. ಅವನ ನಿಜವಾದ ಹೆಸರು ಯಾರಿಗೂ ತಿಳಿಯದು. ಚರಿತ್ರೆಯಲ್ಲಿ ಉಳಿದಿರುವುದು ‘ಇಶಿ’ ಎಂಬ ಹೆಸರು.

1911ರ ಆಗಸ್ಟ್ 29ರಂದು ಉತ್ತರ ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರಿನ ಹೊರಗಿದ್ದ ಕಸಾಯಿಖಾನೆಯ ಬಳಿ ನಾಯಿಗಳು ಬೊಗಳತೊಡಗಿದವು. ಹೋಗಿ ನೋಡಿದರೆ ಹಸಿದು ಕಂಗಾಲಾದ, ಸುಮಾರು ಐವತ್ತು ವರ್ಷದ ಒಬ್ಬ ಮನುಷ್ಯ. ಸತ್ತವರ ಶೋಕಾಚರಣೆಗಾಗಿ ತಲೆಗೂದಲನ್ನು ಸುಟ್ಟುಕೊಂಡಿದ್ದ. ಅವನ ಮಾತು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಬೇರೆ ದಾರಿ ಕಾಣದೆ ಊರಿನ ಶೆರಿಫ್ ಅವನನ್ನು ಜೈಲಿನ ಕೋಣೆಯಲ್ಲಿ ಇರಿಸಿದ.

ಸುದ್ದಿ ಪತ್ರಿಕೆಗಳಲ್ಲಿ ಬಂತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರಾದ ಆಲ್ಫ್ರೆಡ್ ಕ್ರೋಬರ್ ಮತ್ತು ಥಾಮಸ್ ವಾಟರ್‌ಮನ್ ಎಚ್ಚೆತ್ತರು. ಯಾನ ಎಂಬ ಬುಡಕಟ್ಟಿನ ಭಾಷೆಯ ಪದಪಟ್ಟಿ ಹಿಡಿದು ಓರೊವಿಲ್‌ಗೆ ಹೋದ ವಾಟರ್‌ಮನ್ ಒಂದೊಂದೇ ಪದ ಓದುತ್ತ ಹೋದ. ಕೊನೆಗೆ ಮಂಚದ ಪೈನ್ ಮರದ ಚೌಕಟ್ಟನ್ನು ತಟ್ಟಿ ಆ ಮರದ ಹೆಸರು ಹೇಳಿದಾಗ ಎದುರಿಗಿದ್ದವನ ಮುಖ ಅರಳಿತು. ಅವನು ಯಾನ ಜನರ ಯಾಹಿ ಎಂಬ ಶಾಖೆಗೆ ಸೇರಿದವನು. ಆ ಶಾಖೆಯಲ್ಲಿ ಉಳಿದಿದ್ದವನು ಅವನೊಬ್ಬನೇ. ತನ್ನ ಹೆಸರನ್ನು ಅಪರಿಚಿತರ ಮುಂದೆ ತಾನೇ ಹೇಳಿಕೊಳ್ಳುವುದು ಅವರ ರೂಢಿಯಲ್ಲಿ ಸಲ್ಲದು. ಹಾಗಾಗಿ ಕ್ರೋಬರ್ ಅವನನ್ನು ‘ಇಶಿ’ ಎಂದು ಕರೆದ. ಯಾನ ಭಾಷೆಯಲ್ಲಿ ಹಾಗೆಂದರೆ ‘ಮನುಷ್ಯ’.

ಬೇಟೆಗೆ ಗುರಿಯಾದ ಜನ

ಯಾಹಿಗಳು ಲ್ಯಾಸೆನ್ ಪರ್ವತದ ತಪ್ಪಲಿನಲ್ಲಿ, ಮಿಲ್ ಕ್ರೀಕ್ ಮತ್ತು ಡೀರ್ ಕ್ರೀಕ್ ಎಂಬ ಎರಡು ತೊರೆಗಳ ಕಣಿವೆಗಳಲ್ಲಿ ಬದುಕಿದ್ದವರು. ಕೆಲವು ನೂರು ಮಂದಿ ಇದ್ದಿರಬಹುದು. ಜಿಂಕೆ, ಸಾಲ್ಮನ್ ಮೀನು, ಓಕ್ ಮರದ ಕಾಯಿಯ ಹಿಟ್ಟು ಇವೇ ಅವರ ಆಹಾರ. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತು. ಚಿನ್ನ ಅರಸಿ ಬಂದವರ ಹಿಂದೆಯೇ ದನಗಾಹಿಗಳೂ ಒಕ್ಕಲಿಗರೂ ಬಂದರು. ಹುಲ್ಲುಗಾವಲು ದನಗಳ ಪಾಲಾಯಿತು, ಬೇಟೆಯ ಪ್ರಾಣಿಗಳು ಕಡಿಮೆಯಾದವು. ಹಸಿದ ಯಾಹಿಗಳು ದನ ಹೊಡೆದರು. ಅದಕ್ಕೆ ಉತ್ತರವಾಗಿ ಬಂದದ್ದು ಬಂದೂಕು.

1865ರಲ್ಲಿ ಮಿಲ್ ಕ್ರೀಕ್ ದಡದ ಹಳ್ಳಿಯೊಂದರ ಮೇಲೆ ಬೆಳಗಿನ ಜಾವ ದಾಳಿ ನಡೆಯಿತು. 1870ರ ಆಸುಪಾಸಿನಲ್ಲಿ ನಾಲ್ವರು ದನಗಾಹಿಗಳು ಕಿಂಗ್ಸ್‌ಲಿ ಗುಹೆಯಲ್ಲಿ ಅಡಗಿದ್ದ ಸುಮಾರು 30 ಜನರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಇಶಿ ಆಗ ಇನ್ನೂ ಹುಡುಗ.

ಅಲ್ಲಿಂದ ಮುಂದಿನ ನಾಲ್ಕು ದಶಕ ಯಾಹಿಗಳು ಇದ್ದೂ ಇಲ್ಲದಂತೆ ಬದುಕಿದರು. ಹೆಜ್ಜೆಗುರುತು ಮೂಡದಂತೆ ಕಲ್ಲಿನಿಂದ ಕಲ್ಲಿಗೆ ಜಿಗಿಯುವುದು, ಪೊದೆಗಳನ್ನು ಕಡಿಯದೆ ಅವುಗಳ ಕೆಳಗೆ ತೆವಳಿ ಹೋಗುವುದು, ಹೊಗೆ ಮೇಲೇಳದಂತೆ ಪುಟ್ಟ ಬೆಂಕಿ ಹಾಕುವುದು, ಹಗ್ಗ ಹಿಡಿದು ಕಡಿದಾದ ಬಂಡೆಗಳಿಂದ ತೊರೆಗೆ ಇಳಿಯುವುದು ಅವರ ದಿನಚರಿಯಾಯಿತು. ಇಂಥ ಬದುಕಿಗೆ ಬಿಲ್ಲು ಹೇಳಿ ಮಾಡಿಸಿದ ಆಯುಧ. ಬಂದೂಕಿನ ಸದ್ದು ಕಣಿವೆಯಿಂದ ಕಣಿವೆಗೆ ಮೊಳಗಿ ಅಡಗುತಾಣವನ್ನು ಬಯಲು ಮಾಡುತ್ತದೆ. ಬಿಲ್ಲಿನ ಸದ್ದು ನಾಲ್ಕು ಪೊದೆ ದಾಟುವುದಿಲ್ಲ.

1908ರ ನವೆಂಬರ್‌ನಲ್ಲಿ ಅಣೆಕಟ್ಟಿನ ಸರ್ವೆಗೆ ಬಂದವರು ಅವರ ಕೊನೆಯ ಬಿಡಾರವನ್ನು ಕಂಡುಹಿಡಿದರು. ಅಲ್ಲಿದ್ದವರು ನಾಲ್ಕೇ ಜನ. ಮೂವರು ಓಡಿ ತಪ್ಪಿಸಿಕೊಂಡರು. ನಡೆಯಲಾಗದ ಇಶಿಯ ತಾಯಿ ಮಾತ್ರ ಅಲ್ಲೇ ಉಳಿದಳು. ಬಂದವರು ಆಕೆಗೆ ಕೇಡು ಮಾಡಲಿಲ್ಲ. ಆದರೆ ಬಿಲ್ಲುಬಾಣ, ಹೊದಿಕೆ, ಪಾತ್ರೆ ಪಡಗ ಎಲ್ಲವನ್ನೂ ಸ್ಮರಣಿಕೆಗಳೆಂದು ಕೊಂಡೊಯ್ದರು. ಬೇಟೆಯ ಸಾಧನವಿಲ್ಲದೆ ಚಳಿಗಾಲ ಎದುರಿಸುವುದೆಂದರೆ ಏನೆಂದು ಓದುಗರೇ ಊಹಿಸಿಕೊಳ್ಳಬಹುದು. ಮೂರು ವರ್ಷದ ಬಳಿಕ ಓರೊವಿಲ್‌ಗೆ ಬಂದಾಗ ಇಶಿ ಒಂಟಿಯಾಗಿದ್ದ.

ವಸ್ತುಸಂಗ್ರಹಾಲಯದಲ್ಲಿ ಗುರು, ಆಸ್ಪತ್ರೆಯಲ್ಲಿ ಶಿಷ್ಯ

ವಿಶ್ವವಿದ್ಯಾಲಯದವರು ಇಶಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರದ ತಮ್ಮ ವಸ್ತುಸಂಗ್ರಹಾಲಯಕ್ಕೆ ಕರೆತಂದರು. ಅಲ್ಲೇ ವಾಸ, ಅಲ್ಲೇ ಕಸ ಗುಡಿಸುವ ಸಣ್ಣ ಸಂಬಳದ ಕೆಲಸ. ವಾರದ ಕೊನೆಯಲ್ಲಿ ಜನ ನೋಡಲು ಬರುತ್ತಿದ್ದರು. ಅವರೆದುರು ಇಶಿ ಕಲ್ಲಿನ ಅಲಗು ಕೆತ್ತುತ್ತಿದ್ದ, ಬಿಲ್ಲು ಮಾಡುತ್ತಿದ್ದ.

ಸಂಗ್ರಹಾಲಯದ ಪಕ್ಕದಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿನ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ 1912ರಲ್ಲಿ ಇಶಿಯ ಚಿಕಿತ್ಸೆಗೆಂದು ಬಂದವನು ಅವನ ಗೆಳೆಯನಾದ, ಆಮೇಲೆ ಶಿಷ್ಯನೂ ಆದ. ಇಶಿ ಹೇಳಿಕೊಟ್ಟದ್ದನ್ನೆಲ್ಲ ಬರೆದಿಟ್ಟು 1918ರಲ್ಲಿ ‘ಯಾಹಿ ಬಿಲ್ಗಾರಿಕೆ’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಪ್ರಕಟಿಸಿದ. ನಮಗೆ ಇಂದು ಇಶಿಯ ಬೇಟೆಯ ವಿವರಗಳು ತಿಳಿದಿರುವುದು ಹೆಚ್ಚಾಗಿ ಪೋಪ್‌ನ ಬರವಣಿಗೆಯಿಂದ.

ಇಶಿಯ ಬಿಲ್ಲು ದೊಡ್ಡದಲ್ಲ. ಸುಮಾರು ಮೂರೂವರೆ ಅಡಿ ಉದ್ದದ ಜೂನಿಪರ್ ಮರದ ಪಟ್ಟಿ. ಅದರ ಬೆನ್ನಿಗೆ ಜಿಂಕೆಯ ನರವನ್ನು ಅಂಟಿನಿಂದ ಹಚ್ಚಿರುತ್ತಿತ್ತು. ಹೆದೆಯೂ ನರದ್ದೇ. ಅದನ್ನು ಎಳೆಯಲು ಬೇಕಾಗುತ್ತಿದ್ದ ಬಲ 40 ಪೌಂಡಿನ ಆಸುಪಾಸು. ಬಾಣದ ಅಲಗಿಗೆ ಅಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಗಾಜುಕಲ್ಲನ್ನೋ ಒಡೆದ ಸೀಸೆಯ ಗಾಜನ್ನೋ ಬಳಸುತ್ತಿದ್ದ. ಪೆಟ್ಟಿಗೆಯೊಂದರಲ್ಲಿ ದನದ ಪಿತ್ತಜನಕಾಂಗ ತುಂಬಿ, ಮೇಲೆ ಜಿಂಕೆಯ ಚರ್ಮ ಹೊದಿಸಿ ಬಾಣ ಬಿಟ್ಟು ಪರೀಕ್ಷಿಸಿದ ಪೋಪ್‌ಗೆ ಆಶ್ಚರ್ಯ ಕಾದಿತ್ತು. ಉಕ್ಕಿನ ಅಲಗಿಗಿಂತ ಗಾಜುಕಲ್ಲಿನ ಅಲಗು ಹೆಚ್ಚು ಆಳಕ್ಕೆ ಇಳಿದಿತ್ತು.

ಆದರೂ ದೂರದ ಗುರಿಹಲಗೆಗೆ ಹೊಡೆಯುವ ಇಂಗ್ಲಿಷ್ ಪದ್ಧತಿಯ ಪಂದ್ಯದಲ್ಲಿ ಇಶಿ ಹೇಳಿಕೊಳ್ಳುವಂಥ ಬಿಲ್ಲುಗಾರನಾಗಿರಲಿಲ್ಲ. ಅವನು ಕಲಿತ ವಿದ್ಯೆ ಅದಕ್ಕಾಗಿ ಇದ್ದದ್ದಲ್ಲ. ಅವನು ಪ್ರಾಣಿಯನ್ನು ಹೊಡೆಯುತ್ತಿದ್ದ ಅಂತರ ಸಾಮಾನ್ಯವಾಗಿ 10ರಿಂದ 20 ಗಜ. ನಮ್ಮ ಹಳ್ಳಿಗಳ ಲೆಕ್ಕದಲ್ಲಿ ಐದರಿಂದ ಹತ್ತು ಮಾರು.

ಹಿಂದಿನ ದಿನವೇ ಶುರುವಾಗುವ ಬೇಟೆ

ಹತ್ತು ಮಾರು ದೂರಕ್ಕೆ ಜಿಂಕೆ ಯಾರನ್ನೂ ಸುಮ್ಮನೆ ಬಿಟ್ಟುಕೊಳ್ಳುವುದಿಲ್ಲ. ಅದರ ಕಣ್ಣುಗಳು ತಲೆಯ ಎರಡು ಬದಿಗಿವೆ. ಬೆನ್ನಿನ ಹಿಂದಿನ ಸ್ವಲ್ಪ ಜಾಗ ಬಿಟ್ಟರೆ ಸುತ್ತಲಿನ ಚಲನೆಯೆಲ್ಲ ಅದಕ್ಕೆ ಕಾಣುತ್ತದೆ. ಕಿವಿ ಎತ್ತ ಬೇಕಾದರೂ ತಿರುಗುತ್ತದೆ. ಎಲ್ಲಕ್ಕಿಂತ ಚುರುಕಾದದ್ದು ಮೂಗು.

ಆದ್ದರಿಂದ ಇಶಿಯ ತಯಾರಿ ಹಿಂದಿನ ದಿನವೇ ಶುರುವಾಗುತ್ತಿತ್ತು. ಅಂದು ಮೀನು ತಿನ್ನುವಂತಿಲ್ಲ, ಹೊಗೆಸೊಪ್ಪಿನ ವಾಸನೆ ಮೈಗೆ ತಾಕುವಂತಿಲ್ಲ. ಬೇಟೆಯ ದಿನ ಬೆಳಿಗ್ಗೆ ತಲೆಯಿಂದ ಕಾಲಿನವರೆಗೆ ಸ್ನಾನ, ಬಾಯಿ ಮುಕ್ಕಳಿಸುವುದು, ಆಮೇಲೆ ಉಪವಾಸ. ಕಾಲಿಗೆ ಬಟ್ಟೆ ಇಲ್ಲ, ಪೊದೆಗೆ ತಗುಲಿ ಸದ್ದಾಗುತ್ತದೆ. ಬರಿಯ ಚರ್ಮಕ್ಕೆ ಮುಳ್ಳು ತಾಕಿದರೆ ನಡಿಗೆಯೂ ತಾನಾಗಿ ಎಚ್ಚರದ್ದಾಗುತ್ತದೆ. ನಗರದಲ್ಲಿ ಸಿಕ್ಕ ಬೂಟುಗಳ ಬಗ್ಗೆ ಇಶಿಗೆ ಹೆಮ್ಮೆಯೇನೋ ಇತ್ತು. ಆದರೆ ಕಾಡಿಗೆ ಹೋದಾಗ ಅವು ಕುದುರೆಯಂತೆ ಸದ್ದು ಮಾಡುತ್ತವೆ ಎಂದು ಕಳಚಿಡುತ್ತಿದ್ದ.

ಗಾಳಿ ಎದುರಿನಿಂದ ಬೀಸುವಂತೆ ನೋಡಿಕೊಂಡು ಹೋಗುವುದು ಮೊದಲ ನಿಯಮ. ಬಾಣ ಬಿಡುತ್ತಿದ್ದುದು ಹೆಚ್ಚಾಗಿ ಕುಕ್ಕರಗಾಲಿನಲ್ಲಿ ಕುಳಿತು. ಪೊದೆಯ ಮರೆಯಿಂದ ಮೇಲೇಳದೆ ಹೊಡೆಯಲು ಅದೇ ಅನುಕೂಲ. ಕೆಲವೊಮ್ಮೆ ಒಳಗೆ ಹುಲ್ಲು ಬಟ್ಟೆ ತುಂಬಿದ ಗಂಡು ಜಿಂಕೆಯ ತಲೆಯನ್ನು ಟೋಪಿಯಂತೆ ತೊಟ್ಟು, ಪೊದೆಯ ಹಿಂದೆ ಮೇಲೆ ಕೆಳಗೆ ಆಡಿಸುತ್ತಿದ್ದ. ಏನಿರಬಹುದೆಂಬ ಕುತೂಹಲಕ್ಕೆ ಜಿಂಕೆಯೇ ಹತ್ತಿರ ಬರುತ್ತಿತ್ತು. ಬೆರಳನ್ನು ತುಟಿಗಿಟ್ಟು, ಗಿಡುಗಕ್ಕೆ ಸಿಕ್ಕ ಮೊಲದ ಮರಿಯಂತೆ ಕೀಚಲು ಸದ್ದು ಮಾಡುವುದು ಅವನ ಇನ್ನೊಂದು ವಿದ್ಯೆ. ಅದನ್ನು ಪರೀಕ್ಷಿಸಲು ಪೋಪ್ 12 ಬೇರೆ ಬೇರೆ ಜಾಗಗಳಲ್ಲಿ ಕೂಗಿಸಿದಾಗ ಐದು ಮೊಲ, ಒಂದು ಕಾಡುಬೆಕ್ಕು ಹೊರಬಂದವಂತೆ.

ಇಷ್ಟೆಲ್ಲ ಕಷ್ಟಪಟ್ಟು ಹತ್ತಿರ ಹೋಗಬೇಕೇಕೆ? ಇದಕ್ಕೆ ಸರಳವಾದ ಗಣಿತವಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಇಂಥ ಬಿಲ್ಲಿನ ಬಾಣದ ವೇಗ ಸೆಕೆಂಡಿಗೆ 40 ಮೀಟರ್ ಎಂದಿಟ್ಟುಕೊಳ್ಳಿ. 20 ಗಜ ದೂರದ ಜಿಂಕೆಯನ್ನು ಮುಟ್ಟಲು ಬಾಣಕ್ಕೆ ಅರ್ಧ ಸೆಕೆಂಡಿಗೂ ಕಡಿಮೆ ಸಾಕು. 60 ಗಜವಾದರೆ ಒಂದೂಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ಹೆದೆಯ ಸದ್ದು ಮಾತ್ರ ಎರಡು ಕಡೆಯೂ ಬಾಣಕ್ಕಿಂತ ಬಹಳ ಮೊದಲೇ ತಲುಪಿರುತ್ತದೆ. ಬೆದರಿದ ಜಿಂಕೆ ಓಡಲೆಂದು ಮೊದಲು ಮೈ ಕುಗ್ಗಿಸುತ್ತದೆ. ಆಗ ಬಾಣ ಗುರಿ ತಪ್ಪುತ್ತದೆ, ಇಲ್ಲವೇ ತಾಕಬಾರದ ಕಡೆ ತಾಕುತ್ತದೆ. ಬಾಣ ಕೊಲ್ಲುವುದು ಗುಂಡಿನಂತೆ ಅಪ್ಪಳಿಸಿ ಅಲ್ಲ. ಅದು ಶ್ವಾಸಕೋಶವನ್ನೋ ದೊಡ್ಡ ರಕ್ತನಾಳವನ್ನೋ ಕತ್ತರಿಸಬೇಕು. ನಾಲ್ಕಂಗುಲ ಆಚೀಚೆಯಾದರೂ ಗಾಯಗೊಂಡ ಪ್ರಾಣಿ ಕಾಡು ಸೇರಿ ದಿನಗಟ್ಟಲೆ ನರಳುತ್ತದೆ. ಬೇಟೆಗಾರನಿಗೆ ಮಾಂಸವೂ ಇಲ್ಲ.

ಗುರು ಹೋದ ಮೇಲೆ

1914ರ ಮೇ ತಿಂಗಳಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್ ಮೂವರೂ ಇಶಿಯ ಜೊತೆ ಡೀರ್ ಕ್ರೀಕ್ ಕಣಿವೆಗೆ ಹೋಗಿ ಕೆಲವು ವಾರ ತಂಗಿದ್ದರು. ಇಶಿ ತಾನು ಹುಟ್ಟಿ ಬೆಳೆದ, ತನ್ನವರನ್ನೆಲ್ಲ ಕಳೆದುಕೊಂಡ ನೆಲವನ್ನು ಅವರಿಗೆ ತೋರಿಸಿದ. ಗುರುಶಿಷ್ಯರು ಜೊತೆಯಾಗಿ ಹಲವು ಬಾರಿ ಜಿಂಕೆ ಬೇಟೆಗೆ ಹೊರಟದ್ದೂ ಉಂಟು. ಆದರೆ ಒಮ್ಮೆಯೂ ಬಾಣ ಜಿಂಕೆಗೆ ತಾಕಲಿಲ್ಲ. ಹೊಸಬನಾದ ತನ್ನನ್ನು ಕಟ್ಟಿಕೊಂಡು ಹೋಗಬೇಕಾದದ್ದು, ಸದಾ ಸಮಯವಿಲ್ಲವೆನ್ನುವ ಬಿಳಿಯರ ಅವಸರ, ಇವೇ ಇಶಿಗೆ ಅಡ್ಡಿಯಾದವು ಎಂದು ಪೋಪ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

1916ರ ಮಾರ್ಚ್ 25ರಂದು ಇಶಿ ಕ್ಷಯರೋಗದಿಂದ ತೀರಿಕೊಂಡ. ಪೋಪ್ ಬಿಲ್ಲಿನಿಂದ ಮೊದಲ ಜಿಂಕೆ ಹೊಡೆದದ್ದು ಆ ನಂತರ. ಅವನ ಕೈಯಲ್ಲಿದ್ದುದು ಯೂ ಮರದ ಉದ್ದನೆಯ ಇಂಗ್ಲಿಷ್ ಬಿಲ್ಲು, ಉಕ್ಕಿನ ಅಲಗು. ಗುರುವಿನಿಂದ ಅವನು ಪಡೆದದ್ದು ಬಿಲ್ಲನ್ನಲ್ಲ, ಜಿಂಕೆಯ ಹತ್ತಿರ ಹೋಗುವ ಬಗೆಯನ್ನು.

1923ರಲ್ಲಿ ಪ್ರಕಟವಾದ ಪೋಪ್‌ನ ಬಿಲ್ಲುಬೇಟೆಯ ಪುಸ್ತಕ ಅಮೆರಿಕದಲ್ಲಿ ಒಂದು ಹೊಸ ಹವ್ಯಾಸಕ್ಕೆ ನಾಂದಿ ಹಾಡಿತು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲುಗಾರರಿಗಾಗಿಯೇ ಜಿಂಕೆ ಬೇಟೆಯ ಋತುವನ್ನು ಗೊತ್ತುಪಡಿಸಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅಮೆರಿಕದಲ್ಲಾದರೋ ಪರವಾನಗಿ ಪಡೆದು, ಗೊತ್ತಾದ ತಿಂಗಳುಗಳಲ್ಲಿ ಬೇಟೆಯಾಡಬಹುದು. 1960ರ ದಶಕದಲ್ಲಿ ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲು ಬಂತು. ಅದರ ಬಾಣದ ವೇಗ ಸೆಕೆಂಡಿಗೆ 90 ಮೀಟರ್ ಮುಟ್ಟುತ್ತದೆ.

ಹಾಗಿದ್ದರೂ ಅನುಭವಸ್ಥ ಬಿಲ್ಲುಬೇಟೆಗಾರರು ಇಂದಿಗೂ ಅಭ್ಯಾಸ ಮಾಡುವುದು ಹತ್ತಿರದ ಹೊಡೆತವನ್ನೇ. ಮರದ ಮೇಲಿನ ಅಟ್ಟಣಿಗೆಯಲ್ಲಿ ಕುಳಿತು ಕೆಳಕ್ಕೆ ಗುರಿಯಿಡುವುದು, ಜಿಂಕೆಯ ತಲೆ ಮರದ ಮರೆಗೆ ಹೋದ ಗಳಿಗೆಯಲ್ಲೇ ಹೆದೆ ಎಳೆಯುವುದು ಇತ್ಯಾದಿ. ತೀರ ಹತ್ತಿರದ ಗುರಿ ಸುಲಭವೆಂದು ತೋರಿದರೂ ಅಲ್ಲೊಂದು ತೊಡಕಿದೆ. ಬಾಣ ಕಣ್ಣಿನ ನೇರಕ್ಕಿಂತ ಕೆಲವು ಅಂಗುಲ ಕೆಳಗಿರುವುದರಿಂದ ಎರಡು ಮೂರು ಗಜದಲ್ಲಿ ಅದು ಎಣಿಸಿದ್ದಕ್ಕಿಂತ ಕೆಳಗೆ ತಾಕುತ್ತದೆ. ಗಾಳಿಯ ದಿಕ್ಕು, ಮೈವಾಸನೆ, ಬಟ್ಟೆಯ ಸರಬರ ಇವೆಲ್ಲ ಇಶಿಯ ಕಾಲದಲ್ಲಿದ್ದ ಸಮಸ್ಯೆಗಳೇ.

ಇಶಿಯ ದೇಹವನ್ನು ಕೊಯ್ಯಬಾರದೆಂದು ನ್ಯೂಯಾರ್ಕ್‌ನಲ್ಲಿದ್ದ ಕ್ರೋಬರ್ ಪತ್ರ ಬರೆದಿದ್ದ. ಆದರೂ ಶವಪರೀಕ್ಷೆ ನಡೆಯಿತು, ಮಿದುಳನ್ನು ತೆಗೆದಿರಿಸಿದರು. ಉಳಿದ ದೇಹವನ್ನು ಒಂದು ಬಿಲ್ಲು, ಐದು ಬಾಣ, ಒಂದು ಬುಟ್ಟಿ ಓಕ್ ಕಾಯಿಯ ಹಿಟ್ಟಿನೊಂದಿಗೆ ದಹನ ಮಾಡಿದರು. ಮರುವರ್ಷ ಆ ಮಿದುಳನ್ನು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳುಹಿಸಿದವನು ಅದೇ ಕ್ರೋಬರ್. ತನ್ನ ಬದುಕಿನ ನಾಲ್ಕು ದಶಕ ಯಾರ ಕೈಗೂ ಸಿಗದೆ ಉಳಿದವನ ಮಿದುಳು ಎಂಟು ದಶಕಕ್ಕೂ ಹೆಚ್ಚು ಕಾಲ ಸಂಸ್ಥೆಯ ಉಗ್ರಾಣದಲ್ಲಿ ಉಳಿಯಿತು. ಕ್ಯಾಲಿಫೋರ್ನಿಯದ ಮೂಲನಿವಾಸಿಗಳು ಪಟ್ಟುಹಿಡಿದ ಮೇಲೆ 2000ನೇ ಇಸವಿಯ ಆಗಸ್ಟ್‌ನಲ್ಲಿ ಅದನ್ನು ಯಾನ ವಂಶಸ್ಥರಿರುವ ಬುಡಕಟ್ಟುಗಳಿಗೆ ಒಪ್ಪಿಸಲಾಯಿತು. ಅವರು ಚಿತಾಭಸ್ಮದೊಂದಿಗೆ ಅದನ್ನು ತಮ್ಮ ನೆಲದಲ್ಲಿ ಹೂಳಿದರು. ಜಾಗ ಎಲ್ಲಿ ಎಂಬುದನ್ನು ಹೊರಗಿನವರಿಗೆ ಹೇಳಲಿಲ್ಲ.

ಆ ಸೀಮೆಯ ಸುಮಾರು 41,000 ಎಕರೆ ಕಾಡಿಗೆ 1984ರಿಂದ ಇಶಿಯ ಹೆಸರಿದೆ. ಚಳಿಗಾಲ ಬಂದಾಗ ಎತ್ತರದ ಬೆಟ್ಟಗಳಿಂದ ಜಿಂಕೆಗಳ ಹಿಂಡು ಈಗಲೂ ಅಲ್ಲಿಗೆ ಇಳಿದುಬರುತ್ತದೆ.