ಗ್ರೇಟ್ ಡೇನ್: ಗಾತ್ರ ಮತ್ತು ಅಂಗಪ್ರಮಾಣದ ನಿರ್ಣಯ

ಗ್ರೇಟ್ ಡೇನ್ ಜರ್ಮನಿಯಲ್ಲಿ ರೂಪುಗೊಂಡ ದೈತ್ಯ ನಾಯಿತಳಿ. ಇದರ ಮೊದಲ ಮಾನದಂಡ 1880ರಲ್ಲಿ ಬರ್ಲಿನ್‌ನಲ್ಲಿ ಸಿದ್ಧವಾಯಿತು. ತಳಿಯ ಸಂಘ 1888ರಲ್ಲಿ ಹುಟ್ಟಿತು. ಭಾರತದಲ್ಲಿ ತಳಿನಾಯಿಗಳ ನೋಂದಣಿ ನಡೆಸುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ ಕೇಂದ್ರ ಕಚೇರಿ ಚೆನ್ನೈನಲ್ಲಿದೆ. ಆದರೆ ದೊಡ್ಡ ನಾಯಿಗಳ ಮೇಲಿನ ಮೋಹದಲ್ಲಿ ಬೆಂಗಳೂರು ಚೆನ್ನೈಗಿಂತ ಹಿಂದೆ ಬಿದ್ದ ಊರಲ್ಲ. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಯೂರಿದ ಮೇಲೆ ಬಂದ ವಿಶಾಲ ಕಾಂಪೌಂಡಿನ ಬಂಗಲೆಗಳಲ್ಲಿ ಇಂಥ ನಾಯಿಗೆ ಓಡಾಡಲು ಜಾಗವಿತ್ತು. ಇಂದು ಇಂದಿರಾನಗರದ ನಿವೇಶನಗಳಲ್ಲಿ, ಕೆ.ಆರ್. ಪುರದ ಅಪಾರ್ಟ್‌ಮೆಂಟುಗಳಲ್ಲಿ ಜಾಗ ಕುಗ್ಗಿದೆ, ನಾಯಿಯ ಎತ್ತರದ ಮೇಲಿನ ಆಸೆ ಕುಗ್ಗಿಲ್ಲ. ಮರಿ ಕೊಳ್ಳುವವರ ಮೊದಲ ಪ್ರಶ್ನೆ ಅದರ ತಂದೆ ಎಷ್ಟು ಇಂಚು ಎಂಬುದೇ. ಪ್ರಶ್ನೆ ತಪ್ಪಲ್ಲ, ಆದರೆ ಮೊದಲು ಕೇಳಬೇಕಾದುದು ಅದಲ್ಲ. ಈ ತಳಿಯಲ್ಲಿ ಎತ್ತರವೆಂಬುದು ದಾಟಲೇಬೇಕಾದ ಹೊಸ್ತಿಲು. ಅದನ್ನು ದಾಟಿದ ನಾಯಿಗಳಲ್ಲಿ ಮೇಲುಕೀಳನ್ನು ನಿರ್ಣಯಿಸಬೇಕಾದುದು ಅಂಗಪ್ರಮಾಣ.

ಮಾನದಂಡಗಳೇ ಇದಕ್ಕೆ ಸಾಕ್ಷಿ. ಬೆಲ್ಜಿಯಂನಲ್ಲಿ ನೆಲೆಯಿರುವ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐನ 235ನೇ ಮಾನದಂಡದ ಪ್ರಕಾರ ಹೆಗಲಿನ ಬಳಿ ಗಂಡಿನ ಎತ್ತರ ಕನಿಷ್ಠ 80 ಸೆಂ.ಮೀ., ಹೆಣ್ಣಿನದು 72 ಸೆಂ.ಮೀ. 2012ರ ಪರಿಷ್ಕರಣೆಯಲ್ಲಿ ಮೇಲಿನ ಮಿತಿಯೂ ಇದೆ: ಗಂಡು 90, ಹೆಣ್ಣು 84 ಮೀರಬಾರದು. ಜೊತೆಗೆ ದೇಹ ಹೆಚ್ಚುಕಡಿಮೆ ಚೌಕಾಕಾರವಾಗಿರಬೇಕು. ಎದೆಯ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವು ಗಂಡಿನಲ್ಲಿ ಎತ್ತರಕ್ಕಿಂತ ಶೇ. 5ರಷ್ಟು, ಹೆಣ್ಣಿನಲ್ಲಿ ಶೇ. 10ರಷ್ಟು ಮಾತ್ರ ಹೆಚ್ಚಿರಬಹುದು. ಅಂದರೆ 84 ಸೆಂ.ಮೀ. ಎತ್ತರದ ಗಂಡಿನ ಉದ್ದ 88ರ ಆಸುಪಾಸಿನಲ್ಲೇ ನಿಲ್ಲಬೇಕು. ಬ್ರಿಟನ್ನಿನ ಮಾನದಂಡ ಹದಿನೆಂಟು ತಿಂಗಳು ದಾಟಿದ ಗಂಡಿಗೆ 76 ಸೆಂ.ಮೀ. ಎತ್ತರದ ಜೊತೆಗೆ 54 ಕೆ.ಜಿ., ಹೆಣ್ಣಿಗೆ 71 ಸೆಂ.ಮೀ. ಜೊತೆಗೆ 46 ಕೆ.ಜಿ. ಕನಿಷ್ಠ ತೂಕವನ್ನೂ ಕೇಳುತ್ತದೆ. ಬರೀ ಎತ್ತರ ಏಕೆ ಸಾಲದು ಎಂಬುದಕ್ಕೆ ನಮ್ಮ ಮುಧೋಳ ನಾಯಿಯೇ ಉತ್ತರ. ಅದರ ಗಂಡು ಸುಮಾರು 72 ಸೆಂ.ಮೀ.ವರೆಗೆ ಬೆಳೆದು ಹೆಣ್ಣು ಡೇನ್‌ನ ಕನಿಷ್ಠ ಎತ್ತರವನ್ನು ಮುಟ್ಟುತ್ತದೆ, ಆದರೆ ತೂಕದಲ್ಲಿ ಸಾಮಾನ್ಯವಾಗಿ 30 ಕೆ.ಜಿ. ದಾಟುವುದಿಲ್ಲ. ಅದು ಎತ್ತರದ ನಾಯಿ, ದೈತ್ಯ ನಾಯಿಯಲ್ಲ.

ಮೇಲಿನ ಮಿತಿಗೆ ಸೌಂದರ್ಯಕ್ಕಿಂತ ಗಟ್ಟಿಯಾದ ಕಾರಣವಿದೆ. ಇದೇ ಆಕಾರ ಉಳಿಸಿಕೊಂಡು 80 ಸೆಂ.ಮೀ. ನಾಯಿ 90ಕ್ಕೆ ಏರಿದರೆ ಎತ್ತರ ಶೇ. 12.5 ಹೆಚ್ಚುತ್ತದೆ. ತೂಕ ಘನದ ಲೆಕ್ಕದಲ್ಲಿ ಏರುವುದರಿಂದ ಸುಮಾರು ಶೇ. 42 ಹೆಚ್ಚುತ್ತದೆ, ಆದರೆ ಭಾರ ಹೊರುವ ಮೂಳೆಯ ಅಡ್ಡಕೊಯ್ತ ವರ್ಗದ ಲೆಕ್ಕದಲ್ಲಿ ಸುಮಾರು ಶೇ. 27 ಮಾತ್ರ. ಗೆಲಿಲಿಯೊ 1638ರಲ್ಲೇ ವಿವರಿಸಿದ ಈ ನಿಯಮಕ್ಕೆ ತಳಿಗಾರರ ಉತ್ಸಾಹ ಯಾವ ವಿನಾಯಿತಿಯನ್ನೂ ಕೊಡಿಸಲಾರದು. ಗಿನ್ನೆಸ್ ದಾಖಲೆ ಸೇರಿದ ಮಿಶಿಗನ್ ರಾಜ್ಯದ ಜ್ಯೂಸ್ ಎಂಬ ಡೇನ್ 111.8 ಸೆಂ.ಮೀ. ಎತ್ತರವಿತ್ತು, 2014ರಲ್ಲಿ ಐದನೇ ವಯಸ್ಸಿಗೇ ಸತ್ತಿತು. ಒಂದು ನಾಯಿಯಿಂದ ನಿಯಮ ಸಿದ್ಧವಾಗದು, ನಿಜ. ಆದರೆ ಆಳವಾದ, ಕಿರಿದಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಮಾರಕ ತೊಂದರೆ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ, ಆ ಅಪಾಯದ ಪಟ್ಟಿಯಲ್ಲಿ ಗ್ರೇಟ್ ಡೇನ್ ಮುಂಚೂಣಿಯಲ್ಲಿದೆ. ಎದೆಯ ಆಳವನ್ನು ಮೆಚ್ಚುವ ತೀರ್ಪುಗಾರರು ಪಕ್ಕೆಲುಬುಗಳ ದುಂಡನ್ನೂ ಕೈಯಿಟ್ಟು ನೋಡಬೇಕಾದುದು ಇದಕ್ಕಾಗಿ.

ಗಾತ್ರವೇ ಈ ತಳಿಯ ಪ್ರಾಣ, ಅದನ್ನು ಬಿಟ್ಟರೆ ಉಳಿಯುವುದು ಬರೀ ಚೆಂದದ ನಾಯಿ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಅಮೆರಿಕದ ಮಾನದಂಡ 30 ಇಂಚಿನ ಗಂಡನ್ನು ಒಪ್ಪುತ್ತಲೇ ಪ್ರಮಾಣಬದ್ಧವಾಗಿದ್ದರೆ 32 ಅಥವಾ ಅದಕ್ಕಿಂತ ಹೆಚ್ಚು ಇರಲಿ ಎನ್ನುತ್ತದೆ. ಆ ಷರತ್ತನ್ನು ಗಮನಿಸಬೇಕು: ಪ್ರಮಾಣ ಕೈಕೊಟ್ಟಲ್ಲಿ ಹೆಚ್ಚಿನ ಎರಡು ಇಂಚಿಗೆ ಬೆಲೆಯಿಲ್ಲ. ಉಳಿದೆಲ್ಲ ಸಮವಿದ್ದಾಗ ದೊಡ್ಡದು ಗೆಲ್ಲಲಿ. ಇನ್ನೊಂದು ಆಕ್ಷೇಪ, ಎತ್ತರವನ್ನು ಅಳೆಯಬಹುದು, ಪ್ರಮಾಣ ಮಾತ್ರ ತೀರ್ಪುಗಾರರ ರುಚಿಗೆ ಬಿಟ್ಟದ್ದು ಎಂಬುದು. ಇದು ದುರ್ಬಲ. ಉದ್ದ-ಎತ್ತರಗಳ ಅನುಪಾತ, ಮೊಣಕೈ ಮಟ್ಟಕ್ಕೆ ಇಳಿದ ಎದೆ, ಮೂತಿ ಮತ್ತು ತಲೆಬುರುಡೆಗಳ ಸಮ ಉದ್ದ, ಇವೆಲ್ಲಕ್ಕೂ ಅಳತೆಪಟ್ಟಿ ಸಾಕು. ನಿಜಕ್ಕೂ ಮೋಸಹೋಗುವುದು ಎತ್ತರವನ್ನು ಕಣ್ಣಲ್ಲೇ ಅಳೆಯುವವರು. ಬೆಂಗಳೂರಿನ ಜಯಮಹಲ್ ಪ್ಯಾಲೇಸ್ ಹೋಟೆಲಿನ ಆವರಣದಂಥ ಕಡೆ ನಡೆದ ಪ್ರದರ್ಶನಗಳಲ್ಲೂ ಬೇರೆಡೆಯೂ ಈ ಭ್ರಮೆ ಒಂದೇ: ಹಿಂಗಾಲನ್ನು ತೀರಾ ಹಿಂದಕ್ಕೆ ಚಾಚಿಸಿ ನಿಲ್ಲಿಸಿದರೆ ಬೆನ್ನಿನ ರೇಖೆ ಬದಲಾಗುತ್ತದೆ, ಕತ್ತು ಎತ್ತಿ ಹಿಡಿದರೆ ಹೆಗಲೂ ಎತ್ತರವೆನಿಸುತ್ತದೆ, ಪಕ್ಕದ ನಾಯಿ ಗಿಡ್ಡವಿದ್ದರೆ ಸಾಧಾರಣ ನಾಯಿಯೂ ದೈತ್ಯವಾಗುತ್ತದೆ. ಹ್ಯಾಂಡ್ಲರ್ ನಿಲ್ಲಿಸಿದ ಭಂಗಿ ಓಟದಲ್ಲಿ ಕಳಚಿಬೀಳುವುದರಿಂದ ಕೊನೆಯ ಪರೀಕ್ಷೆ ನಡಿಗೆಯದು.

ಗಾತ್ರದ ಹುಚ್ಚು ಹೆಚ್ಚು ಹಾನಿ ಮಾಡುವುದು ಮರಿಗಳಿಗೆ. 1974ರಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಕೆಲವು ಡೇನ್ ಮರಿಗಳಿಗೆ ಬೇಕಾದಷ್ಟು ಆಹಾರ ಕೊಟ್ಟು, ಉಳಿದವಕ್ಕೆ ಅದರ ಮೂರನೇ ಎರಡು ಭಾಗ ಮಾತ್ರ ಕೊಟ್ಟರು. ಹೊಟ್ಟೆ ಬಿರಿಯೆ ತಿಂದವು ಬೇಗ ಬೆಳೆದವು, ಮೂಳೆ-ಕೀಲುಗಳ ದೋಷವೂ ಅವುಗಳಲ್ಲೇ ಹೆಚ್ಚು ಕಂಡಿತು. ಎತ್ತರದ ಕೊನೆಯ ಮಿತಿಯನ್ನು ಮುಖ್ಯವಾಗಿ ವಂಶ ನಿರ್ಧರಿಸುತ್ತದೆ. ಅತಿ ಪೋಷಣೆ ಆ ಮಿತಿಯ ಕಡೆಗೆ ಮರಿಯನ್ನು ಅವಸರದಲ್ಲಿ ಎಳೆಯುತ್ತದೆ, ಅಷ್ಟೆ. ಹಾಗಾಗಿ ಮರಿಗಳ ವಿಭಾಗದಲ್ಲಿ ಹತ್ತು ತಿಂಗಳಿಗೇ ವಯಸ್ಕ ನಾಯಿಯಂತೆ ತುಂಬಿಕೊಂಡು ನಿಂತದ್ದನ್ನು ಕಂಡೊಡನೆ ಮುಂದಕ್ಕೆ ಕರೆಯುವುದು ಅವಸರದ ತೀರ್ಪು. ಆ ವಯಸ್ಸಿನ ಡೇನ್‌ನ ಕಾಲು ಉದ್ದ, ಎದೆ ತೆಳು, ಹಿಂಭಾಗ ಒಂದಿಷ್ಟು ಮೇಲೆದ್ದಿರುವುದು ಸಹಜ. ಅಲ್ಲಿ ನೋಡಬೇಕಾದುದು ನೇರ ಮುಂಗಾಲು, ಬಿಗಿಯಾದ ಪಾದ, ಕುಗ್ಗದ ಬೆನ್ನು. ಎತ್ತರವನ್ನು ಎರಡು ವರ್ಷ ತುಂಬಿದ ಮೇಲೆ ಅಳೆದರೆ ತಡವೇನೂ ಅಲ್ಲ.