ಲಾಲಾರಸವೋ, ಮೂಗಿನ ದ್ರವವೋ? ಕೊರೊನಾ ಪರೀಕ್ಷೆಯ ಎರಡು ಮಾದರಿಗಳು

ನ್ಯೂಜೆರ್ಸಿಯಲ್ಲಿ ಕೋವಿಡ್‌ನ ಮೊದಲ ಪ್ರಕರಣ ವರದಿಯಾದದ್ದು 2020ರ ಮಾರ್ಚ್ 4ರಂದು. ಅದೇ ತಿಂಗಳ 9ರಂದು ಕರ್ನಾಟಕದ ಮೊದಲ ಪ್ರಕರಣ ಬೆಂಗಳೂರಿನಲ್ಲಿ ದೃಢಪಟ್ಟಿತು; ಸೋಂಕಿತರು ಅಮೆರಿಕದಿಂದ ಮರಳಿದ್ದ ಒಬ್ಬ ತಂತ್ರಜ್ಞರು. ಆಗ ಎರಡೂ ಕಡೆ ಪರೀಕ್ಷೆಯ ಕ್ರಮ ಹೆಚ್ಚುಕಡಿಮೆ ಒಂದೇ ಆಗಿತ್ತು. ತುದಿಯಲ್ಲಿ ಮೃದುವಾದ ಎಳೆಗಳಿರುವ ತೆಳುವಾದ ಕಡ್ಡಿಯನ್ನು ಮೂಗಿಗೋ ಗಂಟಲಿಗೋ ಹಾಕಿ, ಅಲ್ಲಿನ ದ್ರವವನ್ನು ಒರೆಸಿ ತೆಗೆದು, ಆರ್‌ಟಿ-ಪಿಸಿಆರ್ ವಿಧಾನದಿಂದ ವೈರಸ್ಸಿನ ಆರ್‌ಎನ್‌ಎಯನ್ನು ಹುಡುಕಲಾಗುತ್ತಿತ್ತು. ಕರ್ನಾಟಕದ ಪತ್ರಿಕೆಗಳಲ್ಲಿ ‘ಗಂಟಲ ದ್ರವ’ ಎಂಬ ಮಾತು ದಿನನಿತ್ಯದ್ದಾಯಿತು. ಲಾಲಾರಸದಿಂದಲೂ ಇದೇ ಪರೀಕ್ಷೆಯನ್ನು ಮಾಡಬಹುದೆಂಬುದು ಅಮೆರಿಕದಲ್ಲಿ ಸಾರ್ವಜನಿಕವಾಗಿ ಮೊದಲು ಕಾರ್ಯರೂಪಕ್ಕೆ ಬಂದದ್ದು ನಮ್ಮ ಸಮರ್‌ಸೆಟ್‌ನ ನೆರೆಯಲ್ಲಿಯೇ.

ರಟ್ಗರ್ಸ್‌ನ ಪ್ರಯೋಗ

ಸಮರ್‌ಸೆಟ್‌ನಿಂದ ರಾರಿಟನ್ ನದಿಯನ್ನು ದಾಟಿದರೆ ಪಿಸ್ಕಾಟವೇ. ಅಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯದ ಆರ್‌ಯುಸಿಡಿಆರ್ ಪ್ರಯೋಗಾಲಯವು ಆಗ ತಳಿವಿಜ್ಞಾನದ ಸಂಶೋಧನೆಗಾಗಿ ಜೈವಿಕ ಮಾದರಿಗಳನ್ನು ಕಾಪಿಡುವ ಸಂಸ್ಥೆಯಾಗಿತ್ತು. ಲಾಲಾರಸದಿಂದ ಡಿಎನ್‌ಎ ತೆಗೆಯುವುದು ಅಲ್ಲಿಯವರಿಗೆ ಹೊಸತಾಗಿರಲಿಲ್ಲ. ಆ್ಯಂಡ್ರ್ಯೂ ಬ್ರೂಕ್ಸ್ ಅವರ ನೇತೃತ್ವದಲ್ಲಿ ಅದೇ ಪರಿಣತಿಯನ್ನು ಕೊರೊನಾ ಪರೀಕ್ಷೆಗೆ ತಿರುಗಿಸಲಾಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದಕ್ಕೆ ತುರ್ತು ಅನುಮತಿ ನೀಡಿತು. ಏಪ್ರಿಲ್ 15ರಂದು ಎಡಿಸನ್‌ನ ವಾಹನ ತಪಾಸಣಾ ಕೇಂದ್ರದಲ್ಲಿ ಲಾಲಾರಸ ಸಂಗ್ರಹ ಆರಂಭವಾಯಿತು. ಮೇ ತಿಂಗಳಲ್ಲಿ ಮನೆಯಲ್ಲಿಯೇ ಮಾದರಿ ಕೊಡಲು ಅನುಮತಿ ದೊರೆಯಿತು. ಬ್ರೂಕ್ಸ್ ಅವರು 2021ರ ಜನವರಿಯಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ ನಿಧನರಾದರು.

ಈ ಪ್ರಯತ್ನದ ಹಿಂದೆ ಎರಡು ಒತ್ತಡಗಳಿದ್ದವು. ಮೊದಲನೆಯದು ಕಡ್ಡಿಗಳ ಕೊರತೆ. ಇವುಗಳ ಪ್ರಮುಖ ತಯಾರಕರಲ್ಲಿ ಒಂದು ಇಟಲಿಯ ಲೊಂಬಾರ್ಡಿಯಲ್ಲಿತ್ತು. ಸೋಂಕು ಉಲ್ಬಣಿಸಿದ್ದೂ ಅಲ್ಲಿಯೇ. ಎರಡನೆಯದು ಮಾದರಿ ತೆಗೆಯುವವರ ಸುರಕ್ಷತೆ. ಕಡ್ಡಿ ಹಾಕುವವರು ರೋಗಿಯ ಮುಖದೆದುರು ನಿಲ್ಲಬೇಕು; ರೋಗಿ ಕೆಮ್ಮಬಹುದು, ಸೀನಬಹುದು. ಪ್ರತಿಯೊಂದು ಮಾದರಿಗೂ ಮುಖಗವಸು, ಕೈಗವಸು, ಮೇಲಂಗಿಗಳು ಬೇಕಾಗಿದ್ದವು, ಅವೂ ಆಗ ದುರ್ಲಭವಾಗಿದ್ದವು. ಲಾಲಾರಸವನ್ನಾದರೋ ರೋಗಿಯೇ ಕೊಳವೆಗೆ ತುಂಬಿಕೊಡುತ್ತಾನೆ.

ಯಾವುದು ಲಾಲಾರಸ?

ಕನ್ನಡದಲ್ಲಿ ಜೊಲ್ಲು, ಉಗುಳು, ಎಂಜಲು, ಕಫ ಎಂಬ ಪದಗಳಿವೆ. ಪರೀಕ್ಷೆಗೆ ಬೇಕಾದದ್ದು ಬಾಯಲ್ಲಿ ತಾನಾಗಿ ಊರುವ ಜೊಲ್ಲು. ಕ್ಯಾಕರಿಸಿ ತೆಗೆದ ಕಫವಲ್ಲ. ಲಾಲಾಗ್ರಂಥಿಗಳ ಸ್ರಾವ, ಒಸಡಿನ ಅಂಚಿನ ದ್ರವ, ಮೂಗಿನ ಹಿಂಬದಿಯಿಂದ ಇಳಿದು ಬರುವ ದ್ರವ ಇವೆಲ್ಲ ಅದರಲ್ಲಿ ಬೆರೆತಿರುತ್ತವೆ. ಲಾಲಾಗ್ರಂಥಿಗಳ ಜೀವಕೋಶಗಳಿಗೆ ಈ ವೈರಸ್ ನೇರವಾಗಿ ಸೋಂಕು ತಗಲಿಸಬಲ್ಲುದೆಂದು 2021ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಲಾಲಾರಸಕ್ಕೆ ತನ್ನದೇ ಆದ ತೊಡಕುಗಳಿವೆ. ಅದು ಅಂಟಂಟಾಗಿರುತ್ತದೆ, ಅದರಲ್ಲಿ ಆರ್‌ಎನ್‌ಎಯನ್ನು ಒಡೆಯುವ ಕಿಣ್ವಗಳಿರುತ್ತವೆ. ಆದುದರಿಂದ ಕೆಲವು ವಿಧಾನಗಳಲ್ಲಿ ರಕ್ಷಕ ದ್ರಾವಣವಿರುವ ಕೊಳವೆಯನ್ನು ಬಳಸುತ್ತಾರೆ. ಮಾದರಿ ಕೊಡುವ ಮುನ್ನ ಅರ್ಧ ಗಂಟೆ ಕಾಫಿ, ಊಟ, ಎಲೆಯಡಿಕೆ, ಚ್ಯೂಯಿಂಗ್ ಗಮ್ ಯಾವುದೂ ಸಲ್ಲದು. ಕೊಳವೆಯ ಗೆರೆಯನ್ನು ಮುಟ್ಟಬೇಕಾದದ್ದು ದ್ರವವೇ ಹೊರತು ನೊರೆಯಲ್ಲ. ಬಾಯಿ ಒಣಗುವ ವೃದ್ಧರಿಗೆ, ಕೆಲವು ಔಷಧಗಳನ್ನು ಸೇವಿಸುವವರಿಗೆ, ತೀವ್ರ ನಿಗಾ ಘಟಕದ ರೋಗಿಗಳಿಗೆ, ಎಳೆಯ ಮಕ್ಕಳಿಗೆ ಇದು ಕಷ್ಟ.

ಅಂಕಿಅಂಶಗಳು ಹೇಳುವುದೇನು?

ಯೇಲ್ ವಿಶ್ವವಿದ್ಯಾಲಯದ ತಂಡವು ಆಸ್ಪತ್ರೆಯಲ್ಲಿದ್ದ 70 ರೋಗಿಗಳ ಎರಡೂ ಮಾದರಿಗಳನ್ನು ಹೋಲಿಸಿ 2020ರ ಆಗಸ್ಟ್‌ನಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ರೋಗ ಪತ್ತೆಯಾದ ಮೊದಲ ಐದು ದಿನಗಳಲ್ಲಿ ಲಾಲಾರಸದ ಮಾದರಿಗಳಲ್ಲಿ ಶೇ. 81, ಮೂಗಿನ ಮಾದರಿಗಳಲ್ಲಿ ಶೇ. 71 ಪಾಸಿಟಿವ್ ಬಂದವು. ಆದರೆ ಎಲ್ಲ ಅಧ್ಯಯನಗಳೂ ಹೀಗೆ ಲಾಲಾರಸದ ಪರವಾಗಿಲ್ಲ. 16 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರ ಜನವರಿಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಸೋಂಕಿರುವ ನೂರು ಜನರಲ್ಲಿ ಲಾಲಾರಸದ ಪರೀಕ್ಷೆಯು ಸುಮಾರು 83 ಮಂದಿಯನ್ನು, ಮೂಗಿನ ಕಡ್ಡಿಯ ಪರೀಕ್ಷೆಯು ಸುಮಾರು 85 ಮಂದಿಯನ್ನು ಪತ್ತೆಹಚ್ಚುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನಿಟ್ಟು ನೋಡಬೇಕು. ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2020ರಲ್ಲಿ ಅಂದಾಜಿಸಿದಂತೆ, ರೋಗಲಕ್ಷಣ ಕಾಣಿಸಿಕೊಂಡ ದಿನವೇ ಪಿಸಿಆರ್ ಪರೀಕ್ಷೆ ಮಾಡಿದರೆ ಸೋಂಕಿತರಲ್ಲಿ ಶೇ. 38 ಮಂದಿಗೆ ತಪ್ಪಾಗಿ ನೆಗೆಟಿವ್ ಬರುತ್ತದೆ. ಮೂರು ದಿನಗಳ ಅನಂತರ ಅದು ಶೇ. 20ಕ್ಕೆ ಇಳಿಯುತ್ತದೆ. ಲಕ್ಷಣ ಕಾಣುವ ಮುನ್ನ ತಪ್ಪುವ ಪ್ರಮಾಣ ಇನ್ನೂ ಹೆಚ್ಚು. ಮಾದರಿಯ ಆಯ್ಕೆಯಿಂದ ಆಗುವ ವ್ಯತ್ಯಾಸ ನೂರಕ್ಕೆ ಎರಡಾದರೆ, ದಿನದ ಆಯ್ಕೆಯಿಂದ ಆಗುವ ವ್ಯತ್ಯಾಸ ನೂರಕ್ಕೆ ಹದಿನೆಂಟು. ಯಾವ ಮಾದರಿ ಎಂಬುದಕ್ಕಿಂತ ಯಾವ ದಿನ, ಎಷ್ಟು ಸಲ ಎಂಬುದೇ ದೊಡ್ಡ ಪ್ರಶ್ನೆ.

ಲಾಲಾರಸದ ನಿಜವಾದ ಹಿರಿಮೆ ಇರುವುದು ಇಲ್ಲಿ. ಮೂಗಿನ ಆಳಕ್ಕೆ ಕಡ್ಡಿ ಹಾಕಿಸಿಕೊಂಡವರು ಮತ್ತೊಮ್ಮೆ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಕೊಳವೆಗೆ ಜೊಲ್ಲು ಕೊಡಲು ಯಾರೂ ಅಷ್ಟಾಗಿ ಹಿಂಜರಿಯುವುದಿಲ್ಲ. 2020ರ ಶರತ್ಕಾಲದಲ್ಲಿ ಇಲಿನಾಯ್ ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗಳನ್ನು ವಾರಕ್ಕೆ ಎರಡು ಬಾರಿ ಪರೀಕ್ಷಿಸಲು ಸಾಧ್ಯವಾದದ್ದು ಲಾಲಾರಸದಿಂದಲೇ. ಭಾರತದಲ್ಲಿಯೂ 2021ರ ಮೇ ತಿಂಗಳಲ್ಲಿ, ನಾಗಪುರದ ನೀರಿ ಸಂಸ್ಥೆ ರೂಪಿಸಿದ ಲವಣಜಲದಿಂದ ಗಂಟಲು ಮುಕ್ಕಳಿಸಿ ಮಾದರಿ ಕೊಡುವ ವಿಧಾನಕ್ಕೆ ಐಸಿಎಂಆರ್ ಒಪ್ಪಿಗೆ ನೀಡಿತು. ಇದು ಲಾಲಾರಸದ ಪರೀಕ್ಷೆಯಲ್ಲದಿದ್ದರೂ ಉದ್ದೇಶ ಅದೇ: ಕಡ್ಡಿಯಿಲ್ಲದೆ, ಹಿಂಸೆಯಿಲ್ಲದೆ ಹೆಚ್ಚು ಜನರನ್ನು ತಲುಪುವುದು.

ಮನೆಯ ಪರೀಕ್ಷೆಗೆ ಬೇರೆ ನಿಯಮ

ಮೇಲೆ ಹೇಳಿದ್ದೆಲ್ಲ ಪಿಸಿಆರ್ ಪರೀಕ್ಷೆಗೆ ಅನ್ವಯಿಸುತ್ತದೆ. ಔಷಧದಂಗಡಿಯಿಂದ ತಂದು ಮನೆಯಲ್ಲಿ ಮಾಡಿಕೊಳ್ಳುವ ಆ್ಯಂಟಿಜೆನ್ ಪರೀಕ್ಷೆಯು ವೈರಸ್ಸಿನ ಪ್ರೋಟೀನನ್ನು ಹುಡುಕುತ್ತದೆ. ಅದಕ್ಕೆ ಹೆಚ್ಚು ಪ್ರಮಾಣದ ವೈರಸ್ ಬೇಕು. ಮೂಗಿನ ಮುಂಭಾಗಕ್ಕೆಂದು ಸಿದ್ಧಪಡಿಸಿದ ಕಡ್ಡಿಯನ್ನು ಗಂಟಲಿಗೆ ಹಾಕುವುದಾಗಲಿ, ಜೊಲ್ಲಿನಲ್ಲಿ ಅದ್ದುವುದಾಗಲಿ ಸರಿಯಲ್ಲ. ಒಮಿಕ್ರಾನ್ ಅಲೆಯಲ್ಲಿ ಈ ಅಭ್ಯಾಸ ಹರಡಿದಾಗ, 2022ರ ಜನವರಿಯಲ್ಲಿ ಆಹಾರ ಮತ್ತು ಔಷಧ ಆಡಳಿತವು ಹಾಗೆ ಗಂಟಲಿಗೆ ಬಳಸಬಾರದೆಂದು ಎಚ್ಚರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದು ಕೊಟ್ಟ ಸಲಹೆ ಹೀಗಿದೆ: ಮೊದಲ ಫಲಿತಾಂಶ ನೆಗೆಟಿವ್ ಆದರೆ, ರೋಗಲಕ್ಷಣವಿರುವವರು 48 ಗಂಟೆಗಳ ಅಂತರದಲ್ಲಿ ಕನಿಷ್ಠ ಎರಡು ಸಲ, ಲಕ್ಷಣವಿಲ್ಲದವರು ಕನಿಷ್ಠ ಮೂರು ಸಲ ಪರೀಕ್ಷಿಸಿಕೊಳ್ಳಬೇಕು.

ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿರುವ ತಂದೆತಾಯಿಗಳಿರುವ ಮನೆಗಳಲ್ಲಿ ಇದು ಮುಖ್ಯ. ಮಗನಿಗೆ ಬೆಳಿಗ್ಗೆ ಗಂಟಲು ಕೆರೆಯುತ್ತದೆ. ಆ ದಿನವೇ ಮಾಡಿದ ಪರೀಕ್ಷೆ ನೆಗೆಟಿವ್ ಬರುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಇಲ್ಲಿ ಮಾದರಿ ತಪ್ಪಲಿಲ್ಲ, ಆ ಒಂದು ಫಲಿತಾಂಶದ ಮೇಲಿಟ್ಟ ಭರವಸೆ ತಪ್ಪಿತು. ಅಂತಹ ದಿನ ಮಗನು ಬೇರೆ ಕೋಣೆಯಲ್ಲಿ ಉಂಡು, ಎರಡು ದಿನ ಮುಖಗವಸು ಧರಿಸಿ, ಪುನಃ ಪರೀಕ್ಷಿಸಿಕೊಳ್ಳುವುದೇ ವಿವೇಕ. ಪಾಸಿಟಿವ್ ಎಂಬ ಫಲಿತಾಂಶವನ್ನು ಬಹುಮಟ್ಟಿಗೆ ನಂಬಬಹುದು. ನೆಗೆಟಿವ್ ಎಂಬುದು ಆ ಹೊತ್ತಿನ ಮಾತು ಮಾತ್ರ.