ಬುತ್ತಿ ಬಿಚ್ಚುವ ಜಾಗ

ಸಂಕ್ರಮಣದ ದಿನ ನಮ್ಮ ಕಡೆ ಮನೆಯಲ್ಲಿ ಕೂತು ಉಣ್ಣುವವರು ಕಡಿಮೆ. ಹಬ್ಬದ ಅಡುಗೆಯೆಲ್ಲ ಬುತ್ತಿಯಾಗಿ ಹೊಳೆಗೆ ಹೋಗುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಗುರೆಳ್ಳು ಹಿಂಡಿ, ಶೇಂಗಾದ ಹೋಳಿಗೆ, ಮಾದಲಿ, ಗಡಿಗೆಯಲ್ಲಿ ಕೆನೆಮೊಸರು. ಅರೆದ ಎಳ್ಳು-ಅರಿಷಿಣ ಮೈಗೆ ಹಚ್ಚಿಕೊಂಡು ಮುಳುಗು ಹಾಕಿ, ಒದ್ದೆ ಕೂದಲನ್ನು ಬೆನ್ನ ಮೇಲೆ ಹರವಿಕೊಂಡು ಬುತ್ತಿ ಬಿಚ್ಚಿದರೆ ಆಗ ಹಬ್ಬ ಆದಂತೆ.

ಜಮಖಂಡಿ ಮತ್ತು ರಬಕವಿ-ಬನಹಟ್ಟಿಯವರಿಗೆ ಕೃಷ್ಣೆ, ಮುಧೋಳದವರಿಗೆ ಘಟಪ್ರಭೆ. ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಈ ಎರಡೂ ಕೂಡುತ್ತವೆ. ಮುಂದೆ ಆಲಮಟ್ಟಿ ದಾಟಿ ಕೂಡಲಸಂಗಮಕ್ಕೆ ಹೋದರೆ ಮಲಪ್ರಭೆ ಬಂದು ಸೇರುತ್ತಾಳೆ. ಹೀಗೆ ನಮ್ಮ ನಾಲ್ಕೂ ಊರಿನ ನೀರು ಬಸವಣ್ಣನ ಪಾದಕ್ಕೇ ಹೋಗಿ ಮುಟ್ಟುತ್ತದೆ. ಬಾಗೇವಾಡಿಯ ಹುಡುಗ ಮನೆ ಬಿಟ್ಟು ಬಂದು ವಿದ್ಯೆ ಕಲಿತದ್ದು ಅಲ್ಲಿ. ಕಲ್ಯಾಣದ ಗದ್ದಲದ ನಂತರ ಮರಳಿ ಬಂದು ಐಕ್ಯನಾದದ್ದೂ ಅಲ್ಲಿಯೇ. ಆ ವರ್ಷ 1167 ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ನನ್ನನ್ನು ಸಂಗಮಕ್ಕೆ ಮೊದಲು ಕರೆದುಕೊಂಡು ಹೋದವಳು ನನ್ನ ಸೋದರತ್ತಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಬನಹಟ್ಟಿಯಲ್ಲಿ ಎರಡು ಖೋಲಿಯ ಮನೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮಗ್ಗದ ಕೆಲಸದವರು, ಬೇರೆ ಊರಿನಿಂದ ವರ್ಗವಾಗಿ ಬಂದ ಮಾಸ್ತರರು, ಬಸ್ಸಿನ ಕಂಡಕ್ಟರರು ಆಕೆಯಲ್ಲಿ ತಿಂಗಳ ಲೆಕ್ಕಕ್ಕೆ ಉಣ್ಣುತ್ತಿದ್ದರು. ದಿನವಿಡೀ ಊರಿಗೆ ರೊಟ್ಟಿ ಬಡಿಯುವ ಅತ್ತಿ ವರ್ಷಕ್ಕೆ ಒಂದು ದಿನ ಒಲೆ ಆರಿಸಿ, ಬುತ್ತಿ ಕಟ್ಟಿ, ಹೊಳೆಗೆ ಹೊರಡುತ್ತಿದ್ದಳು. ಅಲ್ಲಿ ಚಹದಂಗಡಿ ಕಂಡು ನಾನು ಹಟ ಮಾಡಿದರೆ, "ಹೊಳಿ ಅಂದ್ರ ಅವ್ವ ಇದ್ದಂಗ. ಅವ್ವನ ಮನ್ಯಾಗ ಉಣ್ಣಾಕ ಯಾರರೆ ರೊಕ್ಕಾ ಕೊಡತಾರೇನ?" ಎನ್ನುತ್ತಿದ್ದಳು.

ಖಾನಾವಳಿ ಎಂಬ ಮಾತು ನಮಗೆ ಬಂದದ್ದು ಮರಾಠಿಯಿಂದ. ಜಮಖಂಡಿಯನ್ನು ಪಟವರ್ಧನರು, ಮುಧೋಳವನ್ನು ಘೋರ್ಪಡೆಯವರು 1948ರ ವಿಲೀನದವರೆಗೂ ಆಳಿದ್ದರಿಂದ ಅಂಥ ಮಾತುಗಳು ನಮ್ಮ ಅಡುಗೆಮನೆಯವರೆಗೂ ಬಂದಿವೆ. ಮುಂಬಯಿಯ ಗಿರಣಿ ಕೆಲಸಗಾರರಿಗೆ ಊಟ ಹಾಕಿದವರೂ ಹೆಚ್ಚಾಗಿ ಇಂಥ ಹೆಣ್ಣುಮಕ್ಕಳೇ. ಸಾಲಗಾರರ ಬಡ್ಡಿಯಲ್ಲಿ ಮುಳುಗಿದ್ದ ಅವರನ್ನು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಂದುಗೂಡಿಸಿದರು. ನಮ್ಮ ಅತ್ತಿಗೆ ಯಾವ ಮಂಡಳವೂ ಇರಲಿಲ್ಲ. ಆದರೆ ಓದು ಬರಹ ಬಾರದ ವಿಧವೆ ತಲೆ ಎತ್ತಿ ಬದುಕಬಹುದಾದ ದಾರಿ ಇಲ್ಲಿಯೂ ಅದೇ ಆಗಿತ್ತು.

ಅಷ್ಟರಲ್ಲಿ ಹೊಳೆಯೇ ಬದಲಾಯಿತು. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ ತಿಂಗಳಲ್ಲಿ ಅಡಿಗಲ್ಲು ಇಟ್ಟರು. ಆ ಆಣೆಕಟ್ಟು ಪೂರ್ತಿಯಾಗಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ನಾಡಿಗೆ ಸಮರ್ಪಣೆಯಾದದ್ದು 2006ರಲ್ಲಿ. ನಡುವಿನ ನಾಲ್ವತ್ತೆರಡು ವರ್ಷಗಳಲ್ಲಿ ಬೀಳಗಿ ಕಡೆಯ ಎಷ್ಟೋ ಹಳ್ಳಿಗಳು, ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಹಿನ್ನೀರಿಗೆ ಹೋದವು. ಕೆಳಗೆ ನಾರಾಯಣಪುರದಲ್ಲಿ ಕಟ್ಟಿದ ಇನ್ನೊಂದು ಆಣೆಕಟ್ಟಿನ ನೀರು ಸಂಗಮದವರೆಗೂ ಬಂದು ನಿಂತಿತು. ಬಸವಣ್ಣನ ಐಕ್ಯಸ್ಥಳ ಮುಳುಗಬಾರದೆಂದು ಅದರ ಸುತ್ತ ದೊಡ್ಡ ಬಾವಿಯಂಥ ಗೋಡೆ ಎಬ್ಬಿಸಿದರು. ಇಂದು ಸೇತುವೆಯ ಮೇಲೆ ನಡೆದು ಹೋಗಿ, ಮೆಟ್ಟಿಲಿಳಿದು, ಸುತ್ತ ನೀರಿರುವಾಗ ಒಣನೆಲದ ಮೇಲೆ ನಿಂತು ಲಿಂಗಕ್ಕೆ ಕೈಮುಗಿಯುತ್ತೇವೆ. ಕಲ್ಲನ್ನು ಉಳಿಸಲು ಎಷ್ಟು ಜಾಣತನ, ಎಷ್ಟು ಕಾಳಜಿ!

1990ರ ದಶಕದಲ್ಲಿ ಸಂಗಮಕ್ಕೆ ಅಭಿವೃದ್ಧಿ ಮಂಡಳಿ ಬಂತು. ಅಗಲ ರಸ್ತೆ, ಸಭಾಭವನ, ಯಾತ್ರಿಕರಿಗೆ ವಸತಿ ಎಲ್ಲ ಆದವು. ದಾಸೋಹದಲ್ಲಿ ಬಂದವರಿಗೆಲ್ಲ ಊಟವಿದೆ. ಇದನ್ನೆಲ್ಲ ನಾನು ಹಳಿಯುವುದಿಲ್ಲ. ನನಗೆ ಚಿಂತೆ ಹತ್ತಿರುವುದು ಹೆದ್ದಾರಿಗಳ ಮೇಲೆ ಒಂದೇ ಹೆಸರಿನ, ಒಂದೇ ಬಣ್ಣದ ಫಲಕ ಹೊತ್ತು ಸಾಲಾಗಿ ಏಳುತ್ತಿರುವ ಹೋಟೆಲುಗಳನ್ನು ಕಂಡು. ಎಲ್ಲೆಲ್ಲಿ ಹೊಳೆದಂಡೆ 'ಪ್ರವಾಸಿ ತಾಣ' ಆಗುತ್ತದೆಯೋ ಅಲ್ಲೆಲ್ಲ ಅವು ಬಂದೇ ಬರುತ್ತವೆ.

ಈಚೆಗೆ ಅಂಥ ಒಂದು ತಾಣಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ನೀರು ಕಾಣುವ ನೆರಳಿನ ಜಾಗವೆಲ್ಲ ಹೋಟೆಲಿನ ಮೇಜು-ಕುರ್ಚಿಗೆ ಸೇರಿತ್ತು. ಒಂದು ಮೂಲೆಯಲ್ಲಿ ಬುತ್ತಿ ಬಿಚ್ಚಲು ಹೋದರೆ ಕಾವಲಿನ ಹುಡುಗ ಓಡಿಬಂದ. "ಹೊರಗಿನ ಊಟ ಇಲ್ಲಿ ನಡಿಯೂದಿಲ್ರೀ ಅಮ್ಮಾರ. ನಂದೇನಿಲ್ಲ, ಮ್ಯಾಲಿನವ್ರ ಆರ್ಡರ್" ಎಂದ. ಪಾಪ, ನಮ್ಮ ಕಡೆಯ ಹುಡುಗನೇ. ಅವನ ಹಿಂದಿನ ಫಲಕದ ಮೇಲೆ 'ಉತ್ತರ ಕರ್ನಾಟಕ ಸ್ಪೆಷಲ್ ಊಟ' ಎಂದು ಬರೆದಿತ್ತು. ನಮ್ಮ ಬುತ್ತಿಯಲ್ಲಿದ್ದುದೂ ಅದೇ! ಕೊನೆಗೆ ವಾಹನ ನಿಲ್ಲಿಸುವ ಜಾಗದಲ್ಲಿ, ಬಿಸಿಲಿನಲ್ಲಿ ಕೂತು ಉಂಡೆವು.

ಆದರೂ ಒಂದು ನಿಜ ಹೇಳಬೇಕು. ಊಟ ಮುಗಿದ ಮೇಲೆ ನಾನೂ ನನ್ನ ಸೊಸೆಯೂ ತಲಾ ಒಂದು ಚಹ ಕೊಂಡು ಆ ಹೋಟೆಲಿನೊಳಗೇ ಹೋದೆವು. ಏಕೆಂದರೆ ಸ್ವಚ್ಛವಾದ ಶೌಚಾಲಯ ಇದ್ದುದು ಅಲ್ಲಿ ಮಾತ್ರ. ಅತ್ತಿಯ ಕಾಲದಲ್ಲಿ ಹೆಂಗಸರು ಪ್ರವಾಸಕ್ಕೆ ಹೊರಟರೆ ಬೆಳಗಿನಿಂದ ನೀರು ಕುಡಿಯದೆ ಇರುತ್ತಿದ್ದೆವು. ಅತ್ತಿಯ ಖಾನಾವಳಿಯಲ್ಲಿಯೂ ಪಂಕ್ತಿಗೆ ಕೂರುತ್ತಿದ್ದವರೆಲ್ಲ ಗಂಡಸರೇ. ಒಂಟಿ ಹೆಂಗಸು ಒಳಗೆ ಬಂದು ಉಂಡದ್ದನ್ನು ನಾನು ಕಂಡಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟು ಇಲ್ಲವೆಂದಾದ ಮೇಲೆ ನಾವು ಗುಂಪುಗುಂಪಾಗಿ ಹೊರಟೆವು. ಅಂಥವರಿಗೆ ದೀಪ, ನೀರು, ಬಾಗಿಲಿಗೆ ಚಿಲಕ ಇರುವ ಜಾಗ ಬೇಡವೇ? ಊರವರಾಗಿ ನಾವು ಕೊಡದೆ ಬಿಟ್ಟದ್ದನ್ನು ದೊಡ್ಡ ಹೋಟೆಲು ಕೊಟ್ಟಿತು. ಅದರ ಬೆನ್ನಿಗೇ ನಮ್ಮ ನೆರಳನ್ನೂ ತೆಗೆದುಕೊಂಡಿತು.

ಇದರ ಇನ್ನೊಂದು ಮುಖ ಹಂಪಿಯಲ್ಲಿದೆ. ಅಲ್ಲಿಯ ತುಂಗಭದ್ರೆಯೂ ಕೊನೆಗೆ ನಮ್ಮ ಕೃಷ್ಣೆಯನ್ನೇ ಸೇರುವವಳು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಪೇಟೆಗಳಲ್ಲಿ ರಾಶಿ ಬಿದ್ದ ಕಾಳುಕಡಿ, ಹಣ್ಣುಹಂಪಲುಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಅಂಥ ಪೇಟೆಯ ಕಲ್ಲುಮಂಟಪಗಳಲ್ಲಿ, ವಿರೂಪಾಕ್ಷನ ಗುಡಿಯ ಎದುರಿಗೆ, ನಮ್ಮ ಕಾಲದ ಜನ ಇಡ್ಲಿ-ಚಹ ಮಾರಿ ಸಂಸಾರ ಹೂಡಿದ್ದರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾಯಿತು. 2011ರ ಜುಲೈ ಕೊನೆಯಲ್ಲಿ ಆ ಬಜಾರಿನ ಮನೆ-ಅಂಗಡಿಗಳನ್ನು ಕೆಡವಲಾಯಿತು. ಎದ್ದವರಿಗೆ ಕಡ್ಡಿರಾಂಪುರದ ಹತ್ತಿರ ಜಾಗ ತೋರಿಸಿದರು. ಹೊಳೆಯಾಚೆ ವಿರೂಪಾಪುರಗಡ್ಡೆಯ ಹೋಟೆಲು, ರೆಸಾರ್ಟುಗಳೂ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ನೆಲಕ್ಕೆ ಬಿದ್ದವು. ಮಂಟಪದ ಕಲ್ಲಿಗೆ ಮೊಳೆ ಹೊಡೆದದ್ದು, ಗೋಡೆ ಎಬ್ಬಿಸಿದ್ದು ತಪ್ಪೇ. ಕಲ್ಲು ಉಳಿಯಬೇಕು. ಆದರೆ ಕಲ್ಲಿನ ನೆರಳಿನಲ್ಲಿ ಒಲೆ ಹೂಡಿದ ಹೆಂಗಸು ಎಲ್ಲಿಗೆ ಹೋದಳು ಎಂದು ಕೇಳುವವರು ಯಾರು?

ಈ ಎರಡರ ನಡುವೆ ದಾರಿ ಇಲ್ಲವೆಂದಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ 'ಅಕ್ಕ ಕೆಫೆ' ಎಂಬ ಹೆಸರಿನಲ್ಲಿ, ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳೇ ನಡೆಸುವ ಹೋಟೆಲು ಆರಂಭವಾದವು. ಹೊಳೆದಂಡೆಯಲ್ಲಿ ಕಟ್ಟೆ ಕಟ್ಟುವವರು ಮೊದಲ ನೆರಳನ್ನು ಇಂಥವರಿಗೆ ಕೊಡಲಿ. ನೀರು, ಶೌಚಾಲಯ ಹೋಟೆಲಿನ ಹಂಗಿಲ್ಲದೆ ಎಲ್ಲರಿಗೂ ಇರಲಿ. ಬುತ್ತಿ ಬಿಚ್ಚಲು ನಾಲ್ಕು ಮೆಟ್ಟಿಲು ಖಾಲಿ ಬಿಡಲಿ. ದೊಡ್ಡ ಹೋಟೆಲಿನವರು ಬೇಕಾದರೆ ಹೆದ್ದಾರಿಯ ಮೇಲೆ ಇರಲಿ.

ಬಸವಣ್ಣನ ಕಾಲದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿದ್ದದ್ದೇ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವ ಸಂಸಾರ. ಒಂದು ದಿನ ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ನಮಗೇಕೆ ಇಷ್ಟೊಂದು ಎಂದು ಆಕೆ ತಿರುಗಿ ಕಳಿಸಿದಳು. ಊಟ ಹಾಕುವ ಕೆಲಸಕ್ಕೂ ಒಂದು ಅಳತೆ ಇದೆ ಎಂಬುದು ಆಕೆಗೆ ಗೊತ್ತಿತ್ತು.

ಅತ್ತಿ ಈಗಿಲ್ಲ. ಆಕೆ ಬುತ್ತಿ ಕಟ್ಟುತ್ತಿದ್ದ ಧೋತರದ ತುಂಡು ನನ್ನ ಟ್ರಂಕಿನಲ್ಲಿದೆ. ಬರುವ ಸಂಕ್ರಮಣಕ್ಕೆ ಅದರಲ್ಲೇ ರೊಟ್ಟಿ ಕಟ್ಟಿಕೊಂಡು ಸಂಗಮಕ್ಕೆ ಹೋಗಬೇಕೆಂದಿದ್ದೇವೆ. ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುತ್ತೇವೆ. ನೀವೂ ಬಂದಿದ್ದರೆ ಹತ್ತಿರ ಬನ್ನಿ. ಹಿಂಡಿ ಖಾರವಿರುತ್ತದೆ, ಮೊಸರು ಸಾಕಷ್ಟಿರುತ್ತದೆ.